ಬಿರಡೆ ಮೇಸ್ತ್ರಿಯ ಮನೆಗಾಡಿ

ಮೇಸ್ತ್ರಿಯ ಮುತ್ತಜ್ಜ ಮರದ ಪೀಪಾಯಿ ಕಟ್ಟುತ್ತಿದ್ದವನು. ಅವನು ಕಟ್ಟಿದ ಒಂದು ಪೀಪಾಯಿ ಗಾಡಿಯಿಂದ ಉರುಳಿ ತುಂಬಿದ ಹೊಳೆಗೆ ಬಿದ್ದು, ಮೂರು ತಿಂಗಳ ಮೇಲೆ ಕೆಳಗಿನ ಊರಿನ ಮೀನುಗಾರರ ಬಲೆಗೆ ಸಿಕ್ಕಾಗ, ಒಳಗಿದ್ದ ಹಿಟ್ಟು ಊದಿದರೆ ಹಾರುವಷ್ಟು ಒಣಗಿತ್ತಂತೆ. ಅಜ್ಜ ನೂಲಿನ ಗಿರಣಿಯಲ್ಲಿ ಬಾಯ್ಲರಿನ ಕೀಲುಗಳನ್ನು ನೋಡಿಕೊಳ್ಳುತ್ತಿದ್ದವನು. ಅವನಿದ್ದ ಮೂವತ್ತೊಂದು ವರ್ಷ ಅಲ್ಲಿ ಹಬೆ ಹೊರಬಂದದ್ದು ಸೀಟಿಯ ಬಾಯಿಂದ ಮಾತ್ರ. ಊರಿನ ನೀರಿನ ಟ್ಯಾಂಕು ಬಿರುಕು ಬಿಟ್ಟಾಗ, ಖಾಲಿ ಮಾಡಿದರೆ ಜನ ಬಾಯಾರುತ್ತಾರೆಂದು, ಅಪ್ಪ ಕುತ್ತಿಗೆಮಟ್ಟದ ನೀರಿನಲ್ಲಿ ನಿಂತು ಒಳಗಿನಿಂದಲೇ ಬಿರುಕು ಮುಚ್ಚಿ ಬಂದು, ಹದಿನೈದು ದಿನ ಜ್ವರದಲ್ಲಿ ಮಲಗಿದವನು. ಹೀಗೆ ಮೂರು ತಲೆಮಾರಿನಿಂದ ಆ ಮನೆತನಕ್ಕೆ ಇದ್ದ ಶತ್ರು ಒಂದೇ: ಸೋರುವುದು.

ನಾಲ್ಕನೆಯವನು ನನ್ನ ತಂಗಿಯ ಗಂಡ. ರೇಡಿಯೇಟರು, ಎಣ್ಣೆಡಬ್ಬ, ನೀರಿನ ಕೊಳಾಯಿಗಳಿಗೆ ಬೆಸುಗೆ ಹಾಕುವುದು ಅವನ ಕಸುಬು. ಸೀಸೆಗೆ ಬಿರಡೆ ಜಡಿದಂತೆ ತೂತೆಲ್ಲ ಮುಚ್ಚುವವನೆಂದು ಊರವರು ಬಿರಡೆ ಮೇಸ್ತ್ರಿ ಎಂದು ಕರೆದರು. ಅವನು ಅದನ್ನು ಬಿರುದೆಂದೇ ತೆಗೆದುಕೊಂಡ. ವಯಸ್ಸಿನಲ್ಲಿ ನನಗಿಂತ ನಾಲ್ಕು ವರ್ಷ ಕಿರಿಯನಾದರೂ, ತಂಗಿಯ ಗಂಡನೆಂಬ ಕಾರಣಕ್ಕೆ ನಲವತ್ತು ವರ್ಷದಿಂದ ನನ್ನ ಬಾಯಲ್ಲಿ ಬಹುವಚನ ಪಡೆದವನು. ಬರೆಯುವಾಗ ಮಾತ್ರ ಏಕವಚನಕ್ಕೆ ಇಳಿಯುತ್ತಿದ್ದೇನೆ. ಮನಸ್ಸಿನೊಳಗೆ ಅವನಿರುವುದೇ ಹಾಗೆ.

ನಡೆಯುವಾಗ ಅವನು ನೆಲವನ್ನು ನಂಬುವುದಿಲ್ಲ. ತುಳುಕುವಷ್ಟು ತುಂಬಿದ ಕೊಡವೊಂದನ್ನು ತಲೆಯ ಮೇಲೆ ಹೊತ್ತವನಂತೆ ಕತ್ತು ಅಲುಗಿಸದೆ, ಮೊದಲು ಹೆಬ್ಬೆರಳೂರಿ ಆಮೇಲೆ ಹಿಮ್ಮಡಿ ಇಳಿಸುತ್ತಾನೆ. ಮೈಮೇಲೆ ಸದಾ ಒಂದು ಕಂದು ಕೋಟು, ಬಿಸಿಲಿರಲಿ ಚಳಿಯಿರಲಿ ಕೊರಳವರೆಗೆ ಬಿಗಿದದ್ದು. ಗುಂಡಿ ಉದುರಿದ ಕಡೆಯೆಲ್ಲ ಹಿತ್ತಾಳೆಯ ವಾಷರು ಹೊಲಿದದ್ದು. ಏನನ್ನಾದರೂ ವಿವರಿಸಿ "ತಿಳೀತಾ?" ಎಂದು ಕೇಳುತ್ತಾನೆ, ನಾವು ಬಾಯಿ ತೆರೆಯುವ ಮೊದಲೇ "ತಿಳೀಲಿಲ್ಲ, ಬಿಡಿ" ಎಂದು ತಾನೇ ತೀರ್ಪು ಕೊಡುತ್ತಾನೆ. ಇನ್ನೊಂದು ಚಟವಿದೆ. ಯಾವ ಮುಚ್ಚಳ ಮುಚ್ಚಿದರೂ ಆ ಪಾತ್ರೆಯನ್ನು ತಲೆಕೆಳಗು ಮಾಡಿ ಹತ್ತರವರೆಗೆ ಎಣಿಸಬೇಕು. ಸ್ವಂತ ಮನೆ, ಪರರ ಮನೆ ಎಂಬ ಭೇದವಿಲ್ಲ. ಮದುವೆಯಾದ ಹೊಸದರಲ್ಲಿ ನಮ್ಮ ಮನೆಗೆ ಬಂದಾಗ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಉಣ್ಣಲು ಕೂತವನು ಎರಡು ತುತ್ತಿಗೆ ಎದ್ದ. ವಾಷರಿಗೆ ಚರ್ಮ ಸಿಗದೆ, ತನ್ನ ಹೊಸ ಬೂಟಿನ ನಾಲಗೆಯನ್ನೇ ಕತ್ತರಿಸಿ ನಲ್ಲಿಗೆ ಹಾಕಿದ. ನಮ್ಮಮ್ಮ ತಲೆ ಚಚ್ಚಿಕೊಂಡು, "ಅಳಿಯಂದಿರೇ, ಬೂಟು ಹೋಯ್ತಲ್ಲಪ್ಪಾ!" ಅಂದರೆ, "ನೀರು ನಿಂತಿತಲ್ಲ ಅತ್ತೆ" ಅಂದ. ಆ ನಲ್ಲಿ ಇವತ್ತಿಗೂ ತೊಟ್ಟಿಕ್ಕಿಲ್ಲ.

ಕಸುಬಿನಿಂದ ಬಿಡುವು ಸಿಕ್ಕ ಮೇಲೆ ಅವನು ಮಾಡಿಕೊಂಡದ್ದು ಮನೆಗಾಡಿ. ಬೇಕರಿಯವರು ಬ್ರೆಡ್ಡು ಸಾಗಿಸಿ ಸಾಗಿಸಿ ಮೂಲೆಗೆ ತಳ್ಳಿದ್ದ, ಇಪ್ಪತ್ತೆಂಟು ವರ್ಷದ ಡೀಸೆಲ್ ವ್ಯಾನು ಅದು. ಒಳಗೆ ಮಡಚುವ ಮಂಚ, ಎರಡು ಒಲೆಯ ಕಟ್ಟೆ, ಅಂಗೈಯಗಲದ ಕೈತೊಳೆಯುವ ಬೋಗುಣಿ, ಒಂದೊಂದು ಪಾತ್ರೆಗೂ ಒಂದೊಂದು ಚರ್ಮದ ಪಟ್ಟಿ. ನಾನು ಪುಸ್ತಕಗಳಿಗೆ ರಟ್ಟು ಕಟ್ಟುವವನು, ಕಟ್ಟುವ ಮೊದಲು ಓದಿ ಓದಿ ನಾಲ್ಕಕ್ಷರ ಸಂಪಾದಿಸಿದವನು, ಯಾವ ಮೇಷ್ಟರ ಮುಂದೆಯೂ ಕೈಕಟ್ಟಿ ಕೂತವನಲ್ಲ. ಅವನೂ ಎಂಜಿನ್ನನ್ನು ಹಾಗೆಯೇ ಬಿಚ್ಚಿ ಬಿಚ್ಚಿ ಕಲಿತ. ಗಾಡಿಯಲ್ಲಿ ಉಳಿದದ್ದು ಒಂದೇ ದೋಷ: ಡೀಸೆಲ್ ಟ್ಯಾಂಕಿನ ಹಳೆಯ ಮುಚ್ಚಳದ ತಿರುಪು ಸವೆದು, ತಿರುವಿನಲ್ಲಿ ಡೀಸೆಲ್ ತುಳುಕಿ ವಾಸನೆ ಬರುತ್ತಿತ್ತು. ಹೊರಡುವುದಕ್ಕೆ ಹತ್ತು ದಿನ ಮೊದಲು ಅವನು ಲೇತಿನ ಮುಂದೆ ಕೂತು ಹಿತ್ತಾಳೆಯಲ್ಲಿ ಹೊಸ ಮುಚ್ಚಳ ಕಡೆದ. ಅದೇ ಅಳತೆಯ ಬಾಯಿಯ ಡಬ್ಬವೊಂದಕ್ಕೆ ನೀರು ತುಂಬಿ, ಮುಚ್ಚಳ ತಿರುಗಿಸಿ, ತಲೆಕೆಳಗು ಮಾಡಿ, ಹತ್ತಲ್ಲ, ನೂರರವರೆಗೆ ಎಣಿಸಿ ನನಗೆ ತೋರಿಸಿದ. ಒಂದು ಹನಿಯಿಲ್ಲ. "ಅಪ್ಪ ನೋಡಬೇಕಿತ್ತು ಭಾವ" ಅಂದ. ಅವನ ಬಾಯಲ್ಲಿ ಅಂಥ ಮಾತು ನಾನು ಕೇಳಿದ್ದು ಅದೊಂದೇ ಸಲ.

ಹೊರಡಬೇಕಾದದ್ದು ಸುಖದ ಪ್ರಯಾಣಕ್ಕಲ್ಲ. ತಂಗಿಯ ಬಲಗಣ್ಣು ಹಿಂದೆಯೇ ಹೋಗಿತ್ತು. ಈಗ ಎಡಗಣ್ಣಿನ ಅಕ್ಷಿಪಟಲ ಹಳೇ ಗೋಡೆಯ ಸುಣ್ಣದ ಚಕ್ಕೆಯಂತೆ ಕಳಚತೊಡಗಿತ್ತು. ಒಂದು ಕಡೆಯಿಂದ ಕರಿಪರದೆ ಇಳಿಯುತ್ತಿದೆ ಎನ್ನುತ್ತಿದ್ದಳು. ಬೆಟ್ಟದಾಚೆಯ ದೊಡ್ಡಾಸ್ಪತ್ರೆಯಲ್ಲಿ ಸೋಮವಾರ ಬೆಳಿಗ್ಗೆ ಎಂಟಕ್ಕೆ ಶಸ್ತ್ರಚಿಕಿತ್ಸೆ. ಆ ದಿನ ತಪ್ಪಿದರೆ ಪರದೆ ಪೂರ್ತಿ ಇಳಿಯಬಹುದೆಂದು ವೈದ್ಯೆ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಅಲ್ಲಿಯವರೆಗೆ ಕುಲುಕಾಡದೆ ಮಲಗಿರಬೇಕು. ಆಮೇಲೆ ಕಣ್ಣಿನೊಳಗೆ ಅನಿಲ ತುಂಬುತ್ತಾರೆ. ಅದು ಕರಗುವವರೆಗೆ, ಅಂದರೆ ಸುಮಾರು ಒಂದು ತಿಂಗಳು, ಎತ್ತರದಲ್ಲಿ ಅದು ಹಿಗ್ಗುವುದರಿಂದ ಬೆಟ್ಟ ಹತ್ತಿ ಹಿಂದಿರುಗುವಂತಿಲ್ಲ, ಮೊದಲ ದಿನಗಳಲ್ಲಿ ಮುಖ ಕೆಳಗೆ ಹಾಕಿಯೇ ಮಲಗಬೇಕು. ಆಚೆ ನಮಗೆ ಯಾರೂ ಇಲ್ಲ. ಮನೆಗಾಡಿಯೇ ಮನೆಯಾಗಬೇಕಿತ್ತು. ಮುಖವಿಡಲು ತೂತಿರುವ, ಹತ್ತಿ ಹೊದಿಸಿದ ಹಲಗೆಯನ್ನು ಮೇಸ್ತ್ರಿ ಆಗಲೇ ಮಂಚಕ್ಕೆ ಕೂಡಿಸಿದ್ದ.

ಶನಿವಾರ ಬೆಳಿಗ್ಗೆ ಹೊರಟೆವು. ಬಯಲಿನಲ್ಲಿ ಗಾಡಿ ಚೆನ್ನಾಗಿಯೇ ಓಡಿತು. ಬೆಟ್ಟದ ಮೂರನೆಯ ತಿರುವಿನಲ್ಲಿ ಎಂಜಿನ್ನಿನ ದನಿ ಬಾವಿಯೊಳಗಿಂದ ಕೂಗಿದಂತೆ ಟೊಳ್ಳಾಯಿತು. ಮೇಸ್ತ್ರಿ ಆಕ್ಸಿಲರೇಟರನ್ನು ಪೂರ್ತಿ ತುಳಿದ, ಎಳೆಯಲಿಲ್ಲ. ಎರಡನೇ ಗೇರು, ಒಂದನೇ ಗೇರು, ಆಮೇಲೆ ನಿಂತೇಹೋಯಿತು. ಹಿಂದೆ ಬಂದ ಲಾರಿಯವನು ಹಾರ್ನು ಹೊಡೆಯುತ್ತಿದ್ದ. ಒಳಗೆ ಮಲಗಿದವಳಿಗೆ ಕುಲುಕಾಟ ತಾಗಿತೇನೋ ಎಂಬ ಚಿಂತೆ ಒಂದು ಕಡೆ, ಗಡಿಯಾರ ಇನ್ನೊಂದು ಕಡೆ.

"ರೀ," ತಂಗಿ ಒಳಗಿನಿಂದ ಕೂಗಿದಳು, "ನನ್ನ ಮಂಚದ ಕೆಳಗೆ ಏನೋ ಡುಬ್ ಅಂತು."

"ಪಾತ್ರೆ ಇರಬೇಕು, ಸುಮ್ನೆ ಮಲಕ್ಕೋ."

"ಪಾತ್ರೆಗಳನ್ನ ನೀವು ಅಲ್ಲಾಡೋಕೆ ಬಿಟ್ಟಿದ್ದೀರಾ? ಕೈದಿಗಳ ಥರ ಕಟ್ಟಿಹಾಕಿದ್ದೀರಲ್ಲ!"

ಅವನು ಆ ಮಾತನ್ನು ಕೇಳಿಸಿಕೊಳ್ಳಲಿಲ್ಲ. ನಾನೂ ಕೇಳಿಸಿಕೊಳ್ಳಲಿಲ್ಲ. ಅವನು ಇಳಿದು ಹೊಗೆ ನೋಡಿದ, ಚಕ್ರಗಳ ನಡುಭಾಗವನ್ನು ಮುಟ್ಟಿ ನೋಡಿದ. "ಹೊಗೆ ಕಪ್ಪಿಲ್ಲ, ಗಾಳಿ ಸಾಕಷ್ಟು ಹೋಗ್ತಿದೆ. ಚಕ್ರ ಬಿಸಿಯಿಲ್ಲ, ಬ್ರೇಕ್ ಹಿಡಿದಿಲ್ಲ. ಕ್ಲಚ್ಚು ಜಾರ್ತಿಲ್ಲ. ಎಂಜಿನ್ನಿಗೆ ಡೀಸೆಲ್ ಸಾಲ್ತಿಲ್ಲ ಭಾವ. ತಿಳೀತಾ? ತಿಳೀಲಿಲ್ಲ, ಬಿಡಿ." ಮುಚ್ಚಳ ತೆಗೆದು ಕಡ್ಡಿ ಇಳಿಸಿ ನೋಡಿದ, ಟ್ಯಾಂಕಿನಲ್ಲಿ ಮುಕ್ಕಾಲಿಗೂ ಮಿಕ್ಕಿ ಡೀಸೆಲ್ಲಿತ್ತು. ಮುಚ್ಚಳ ಬಿಗಿದು ಚಾಲೂ ಮಾಡಿದರೆ ಗಾಡಿ ಏನೂ ಆಗಿಲ್ಲವೆಂಬಂತೆ ಗುರುಗುಟ್ಟಿತು. ಆದರೂ ಅದನ್ನು ನಂಬಿ ಬೆಟ್ಟದ ನಡುವೆ ಅವಳನ್ನು ಸಿಕ್ಕಿಸಲು ಧೈರ್ಯ ಸಾಲದೆ ಹಿಂದಿರುಗಿದೆವು.

ಅಂದು ಅವನು ಪಟ್ಟ ಪಾಡು ಅಷ್ಟಿಷ್ಟಲ್ಲ; ಇಳಿಸಿ ಹತ್ತಿಸಿ ಅಲುಗಿಸಬಾರದೆಂದು ತಂಗಿಯನ್ನು ಮಂಚದ ಮೇಲೇ ಬಿಟ್ಟು ದುರಸ್ತಿಗೆ ಕೂತ. ಪ್ರತಿ ಸಲ ಮುಚ್ಚಳ ತೆಗೆದು ಡೀಸೆಲ್ ನೋಡಿಯೇ ಕೆಲಸಕ್ಕಿಳಿದ. ಡೀಸೆಲ್ ಫಿಲ್ಟರು ಬದಲಿಸಿದ. ಇಪ್ಪತ್ತು ನಿಮಿಷ ಓಡಿ ಮತ್ತೆ ಸತ್ತಿತು. ಕೊಳವೆಗಳ ಕೀಲೆಲ್ಲ ಬಿಗಿದು, ಒಳಗೆ ಗಾಳಿ ಸಿಕ್ಕಿಕೊಂಡಿರಬಹುದೆಂದು ಅದನ್ನು ಹೊರತೆಗೆದ. ಇಪ್ಪತ್ತು ನಿಮಿಷ ಓಡಿ ಮತ್ತೆ ಸತ್ತಿತು. ಪಂಪಿನ ಮುಂದೆ ಒಂದು ಗೇಣು ಪಾರದರ್ಶಕ ಕೊಳವೆ ಕೂಡಿಸಿ ಗುಳ್ಳೆ ಬರುತ್ತದೆಯೋ ಎಂದು ಕಣ್ಣು ನೆಟ್ಟು ಕೂತ. ಶೆಡ್ಡಿನಲ್ಲಿ, ಮುಚ್ಚಳ ತೆಗೆದಿಟ್ಟು, ಗಂಟೆಗಟ್ಟಲೆ ಓಡಿಸಿದರೂ ಒಂದು ಗುಳ್ಳೆಯಿಲ್ಲ, ಒಂದು ಕೆಮ್ಮಿಲ್ಲ. ಪ್ರತಿ ಸಲವೂ ವಾಸಿಯಾದಂತೆ ನಟಿಸಿ ಮರಳುವ ಜ್ವರವದು. ಕೋಟಿನ ಮೇಲಿನ ವಾಷರು ಗುಂಡಿಯನ್ನು ಅವನು ತಿರುವುತ್ತಲೇ ಇದ್ದ. ಸಂಜೆಗೆ ಅದು ಕಿತ್ತು ಕೈಗೆ ಬಂತು.

ನಾನು ಔಷಧಿ ಅಂಗಡಿಯವರ ಕಾರು ಗೊತ್ತುಮಾಡಿ ಬಂದೆ. "ಬೇಡ ಭಾವ," ಅಂದ. "ಕಾರಲ್ಲಿ ಅವಳು ಮುದುರಿಕೊಂಡು ಆರು ಗಂಟೆ ಕೂರಬೇಕು. ಆಮೇಲೆ ತಿಂಗಳು ಯಾರ ಜಗಲಿ ಮೇಲೆ ಬೋರಲು ಮಲಗಬೇಕು? ಗಾಡಿ ಎಳೆಯುತ್ತೆ."

"ಎಳೆಯುತ್ತೆ ಅಂತ ಬೆಳಗ್ಗೆಯಿಂದ ನೀವೊಬ್ಬರೇ ಹೇಳ್ತಿರೋದು ಮೇಸ್ತ್ರಿ, ಗಾಡಿ ಇನ್ನೂ ಹೇಳಿಲ್ಲ" ಎಂದು ನಾನು ರೇಗಿದೆ.

ಕಡೆಗೆ ತಂಗಿಯೇ ಪಟ್ಟುಹಿಡಿದಳು. "ನೋಡ್ರೀ, ನಾಳೆ ಮಧ್ಯಾಹ್ನ ಮೂರು ಗಂಟೆ. ಅಷ್ಟರೊಳಗೆ ಇದು ಬೆಟ್ಟ ಹತ್ತದಿದ್ರೆ ನಾನು ಅಣ್ಣ ಗೊತ್ತುಮಾಡಿದ ಕಾರು ಹತ್ತುತ್ತೀನಿ. ಗಾಡಿ ಆಮೇಲೂ ಇರುತ್ತೆ, ನನ್ನ ಕಣ್ಣು ಇರಲ್ಲ." ಅವನು ತಲೆಯಾಡಿಸಿದ. ನಲವತ್ತು ವರ್ಷದಲ್ಲಿ ಅವಳು ಅವನಿಗೆ ಗಡುವು ಕೊಟ್ಟದ್ದು ಅದೇ ಮೊದಲು.

ಭಾನುವಾರ ಮತ್ತೆ ಅದೇ ಬೆಟ್ಟ, ಅದೇ ಮೂರನೇ ತಿರುವು, ಅದೇ ಟೊಳ್ಳು ದನಿ. ಗಾಡಿ ರಸ್ತೆಯಂಚಿಗೆ ವಾಲಿ ನಿಂತಾಗ ಹನ್ನೊಂದೂವರೆ. ಮೇಸ್ತ್ರಿ ಸ್ಟೀರಿಂಗ್ ಹಿಡಿದ ಕೈಗಳ ಮೇಲೆ ಹಣೆಯಿಟ್ಟ. ಆಮೇಲೆ ಇಳಿದು, ಬೇರೇನೂ ತೋಚದೆ, ಮುಚ್ಚಳ ತೆಗೆದು ಮತ್ತೆ ಕಡ್ಡಿ ಇಳಿಸಿದ.

"ಇಬ್ಬರೂ ಒಂದು ನಿಮಿಷ ಸುಮ್ನೆ ನಿಂತ್ಕೊಳ್ಳಿ," ತಂಗಿ ಒಳಗಿನಿಂದ ಅಂದಳು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಬೋರಲು ಮಲಗಿ, ಕಿವಿಯನ್ನು ಹಲಗೆಗೆ ಒತ್ತಿದ್ದಳು. ಅವಳ ಮಂಚದ ಕೆಳಗೇ ಟ್ಯಾಂಕು. "ಮೊದಲು ಇಲ್ಲಿ ಕೆಳಗೆ ಡುಬ್ ಅನ್ನುತ್ತೆ. ಆಮೇಲೆ ಗಾಡಿ ಸುಸ್ತಾಗುತ್ತೆ. ನೀವು ಇಳಿದು ಮುಚ್ಚಳ ತೆಗೀತೀರಿ. ಆಗ ಉಸ್ ಅಂತ ಒಂದು ಉಸಿರು, ಮತ್ತೆ ಒಂದು ಡುಬ್. ಆಮೇಲೆ ಗಾಡಿ ಓಡುತ್ತೆ. ನಿನ್ನೆಯಿಂದ ನಾಲ್ಕು ಸಲ ಆಯ್ತು. ನಿನ್ನೆ ಹೇಳಿದ್ರೆ ಪಾತ್ರೆ ಅಂದ್ರಿ."

ಮೇಸ್ತ್ರಿ ಕೈಯಲ್ಲಿದ್ದ ಹಿತ್ತಾಳೆ ಮುಚ್ಚಳವನ್ನು ತಿರುಗಿಸಿ ತಿರುಗಿಸಿ ನೋಡಿದ. ಒಳಗೆ ಹೋಗಿ ಚೂರುಪಾರಿನ ಡಬ್ಬ ಸುರುವಿ ಹಳೆಯ ಮುಚ್ಚಳ ಹುಡುಕಿ ತೆಗೆದು ಬಿಸಿಲಿಗೆ ಹಿಡಿದ. ಅದರ ನಡುವೆ, ಕೊಳೆಯ ನಡುವಿನಿಂದ, ಸೂಜಿಯ ಮೊನೆಯಷ್ಟು ಬೆಳಕು ಬಂತು. ಮಾಡಿದವರು ಬೇಕೆಂದೇ ಬಿಟ್ಟಿದ್ದ ತೂತು. ಡೀಸೆಲ್ ಖರ್ಚಾದಷ್ಟೂ ಟ್ಯಾಂಕಿನೊಳಗೆ ಗಾಳಿ ಬರಬೇಕು. ಅದಕ್ಕೆ ಆ ದಾರಿ. ಅವನ ಹೊಸ ಮುಚ್ಚಳದಲ್ಲಿ ದಾರಿಯೇ ಇರಲಿಲ್ಲ. ಗಾಳಿಯಿಲ್ಲದೆ ಟ್ಯಾಂಕು ತನ್ನ ಹೊಟ್ಟೆಯನ್ನು ತಾನೇ ಡುಬ್ಬೆಂದು ಒಳಕ್ಕೆಳೆದುಕೊಂಡು, ಡೀಸೆಲ್ಲನ್ನು ಮೇಲಕ್ಕೆ ಬಿಡದೆ ಹಿಡಿದಿಟ್ಟುಕೊಳ್ಳುತ್ತಿತ್ತು. ಪ್ರತಿ ರಿಪೇರಿಯಾದ ಮೇಲೂ ಗಾಡಿ ಓಡಿದ್ದು ರಿಪೇರಿಯಿಂದಲ್ಲ, ನಡುವೆ ಮುಚ್ಚಳ ತೆಗೆದದ್ದರಿಂದ.

"ಸಡಿಲ ಬಿಟ್ಟು ಹೋಗೋಣ ಮೇಸ್ತ್ರಿ, ಹೊತ್ತಾಗುತ್ತೆ" ಅಂದೆ.

"ಸಡಿಲ ಬಿಡೋದು ಕಳ್ಳ ಕೆಲಸ." ಅವನು ಕೈಡ್ರಿಲ್ಲು ತೆಗೆದ. ಮೊನೆ ಹಿತ್ತಾಳೆಯ ಮೇಲೆ ಎರಡು ಸಲ ಜಾರಿ ಗೀರಿತು. ನಾನು ಕೈಚಾಚಿದೆ. ಅವನು ಬೆನ್ನು ತಿರುಗಿಸಿದ. ಮೂರು ತಲೆಮಾರು ಮುಚ್ಚಿದ ಮನೆತನದ ಮನುಷ್ಯ, ನಟ್ಟನಡು ಹಗಲಿನಲ್ಲಿ, ರಸ್ತೆಯಂಚಿನ ಕಲ್ಲಿನ ಮೇಲೆ ಕೂತು, ತಾನು ಕಡೆದ ಅತಿ ಚೆಂದದ ವಸ್ತುವಿಗೆ ತೂತು ಕೊರೆಯುವುದನ್ನು ನೋಡಿದೆ.

ಆಮೇಲಿನ ಅರ್ಧ ಗಂಟೆ ನಾನು ಗಡಿಯಾರ ನೋಡುತ್ತಲೇ ಕೂತೆ. ಇಪ್ಪತ್ತನೆಯ ನಿಮಿಷ ದಾಟಿತು. ಐದನೇ ತಿರುವು, ಒಂಬತ್ತನೆಯದು. ಒಳಗಿನಿಂದ "ಡುಬ್ ಇಲ್ಲ" ಎಂದು ಅವಳು ಆಗಾಗ ಕೂಗುತ್ತಿದ್ದಳು. ಆ ಎರಡು ಮಾತಿಗಾಗಿ ಕಾಯುವುದೇ ನಮ್ಮ ಕೆಲಸ. ನೆತ್ತಿ ಮುಟ್ಟಿದಾಗ ಒಂದೂಕಾಲು. ಅವಳ ಗಡುವಿಗೆ ಇನ್ನೂ ಸಮಯವಿತ್ತು.

ಸೋಮವಾರ ಶಸ್ತ್ರಚಿಕಿತ್ಸೆಯಾಯಿತು. ಕಣ್ಣು ಉಳಿಯಿತು, ಪೂರ್ತಿಯಲ್ಲ. ಸೂಜಿಗೆ ದಾರ ಪೋಣಿಸಲಾರಳು; ಆದರೆ ಬಾಗಿಲಲ್ಲಿ ಯಾರು ನಿಂತಿದ್ದಾರೆಂದು ದನಿ ಕೇಳದೆಯೂ ಹೇಳಬಲ್ಲಳು. "ಇವರ ಕೋಟಿನ ಗುಂಡಿ ಒಂದು ಕಿತ್ತುಹೋಗಿದೆಯಲ್ಲ ಅಣ್ಣಾ" ಎಂದು ಅವಳು ಅಂದ ದಿನ ಮೇಸ್ತ್ರಿ ಕೋಟನ್ನು ನೆಟ್ಟಗೆ ಎಳೆದುಕೊಂಡು ಹೊರಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಕೆಟ್ಟದಾಗಿ ಮಾಡಿದ ಕೆಲಸವನ್ನು ಯಾರೂ ಅನುಮಾನಿಸಬಲ್ಲರು. ಚೆನ್ನಾಗಿ ಮಾಡಿದ್ದನ್ನು ಅನುಮಾನಿಸಲು ಎದೆ ಬೇಕು. ಇಂಥ ಮನುಷ್ಯರು ಲೋಕದ ಬಿರುಕುಗಳನ್ನೆಲ್ಲ ತಮ್ಮ ಬೂಟು ಕತ್ತರಿಸಿಯಾದರೂ ಮುಚ್ಚುತ್ತಾರೆ. ಅವರಿರುವುದರಿಂದಲೇ ನಮ್ಮ ನೀರು, ನಮ್ಮ ಎಣ್ಣೆ, ನಮ್ಮ ಸಂಸಾರ ನಿಂತಲ್ಲಿ ನಿಂತಿದೆ. ತಪ್ಪು ಹುಡುಕುವಾಗ ಮಾತ್ರ ಅವರ ಕೈ ಎಲ್ಲವನ್ನೂ ತಡವುತ್ತದೆ, ತಾವು ಅತಿ ಹೆಮ್ಮೆಯಿಂದ ಬಿಗಿದದ್ದೊಂದನ್ನು ಬಿಟ್ಟು. ಅದನ್ನೂ ತಡವಿ, ತಪ್ಪು ಕಂಡಾಗ ತಾವೇ ಕೊರೆಯುವವರು ಬಹಳ ಮಂದಿಯಿಲ್ಲ.

ನಾನು ಹಿಂದಿರುಗುವ ದಿನ ಮೇಸ್ತ್ರಿ ಆಸ್ಪತ್ರೆಯ ಅಂಗಳದಲ್ಲಿ ನಿಂತು ಟ್ಯಾಂಕನ್ನು ಕಂಠಮಟ್ಟ ತುಂಬಿದ್ದ. ಮುಚ್ಚಳ ತಿರುಗಿಸಿ ಗಾಡಿಯನ್ನು ನೆರಳಿಗೆ ಸರಿಸುವಾಗ ಆ ತೂತಿನಿಂದ ಒಂದು ಹನಿ ಡೀಸೆಲ್ ಹೊರಬಂದು, ಅವನೇ ಬಳಿದ ಬಿಳಿ ಬಣ್ಣದ ಮೇಲೆ ಗೆರೆಯೆಳೆಯುತ್ತಾ ಇಳಿಯತೊಡಗಿತು. ಅವನ ಸ್ವಭಾವ ಬಲ್ಲ ನಾನು ಚಿಂದಿ ಬಟ್ಟೆ ಹಿಡಿದು ಓಡಿದೆ. ಅವನು ಇಳಿದು ಬಂದು ನನ್ನ ಮಣಿಕಟ್ಟು ಹಿಡಿದುಕೊಂಡು, ಆ ಹನಿಯನ್ನೇ ನೋಡುತ್ತಾ ಅಂದ:

"ಬೇಡ ಭಾವ, ಕೈ ತೆಗೀರಿ. ಅಷ್ಟು ಸೋರಲಿ."