ಎರಡು ಚಮಚ ನೀರು

ನನ್ನ ಮಗ ಗ್ಯಾರೇಜಿನಲ್ಲಿ ಜೊತೆ ಕೆಲಸದ ಹುಡುಗನ ತಲೆಗೆ ನಟ್ಟು ತಿರುಗಿಸೋ ಪಾನಾದಿಂದ ಹೊಡೆದ. ಯಾಕೆ ಅಂತ ಕೇಳಬೇಡಿ. ಯಾವುದೋ ಸ್ಕೂಟರಿನ ರಿಪೇರಿ ಯಾರು ಕೆಡಿಸಿದ್ದು ಅಂತ ಜಗಳ, ನಾಯಿಯೂ ಮೂಸದ ವಿಷಯ. ಅವನಿಗೆ ಮೂಗಿನ ತುದೀಲೇ ಕೋಪ, ನನ್ನ ಹಾಗೇ.

"ಆ ಹುಡುಗ ಬದುಕಿದರೆ ಕೊಲೆ ಯತ್ನ ಕಣಮ್ಮಾ," ಅಂದರು ಲಾಯರು. "ಸತ್ತರೆ ಕೊಲೆ ಅಂತಲೇ ಹಾಕ್ತಾರೆ. ಸಾಯಿಸೋ ಉದ್ದೇಶ ಇರಲಿಲ್ಲ ಅನ್ನೋಣ ಅಂದ್ರೆ, ಬಿದ್ದ ಮೇಲೂ ಹೊಡೆದಿದಾನಲ್ಲ!"

ಸೀದಾ ಆಸ್ಪತ್ರೆಗೆ ಹೋದೆ. ಸುಳ್ಳು ಯಾಕೆ, ಹೋಗಿದ್ದು ನನ್ನ ಮಗನಿಗೋಸ್ಕರ. ಆ ಹುಡುಗನ ತಾಯಿ ಬಾಗಿಲಲ್ಲೇ ನನ್ನ ಜನ್ಮ ಜಾಲಾಡಿದಳು. ತೆಪ್ಪಗೆ ಬೈಸಿಕೊಂಡೆ. ಮಾರನೇ ದಿನಾನೂ ಹೋದೆ. ಪಾಪ, ಅವಳಿಗೂ ಬೇರೆ ದಿಕ್ಕಿರಲಿಲ್ಲ. ಕೊನೆಗೆ, "ಬಂದು ಸಾಯ್ತೀಯಲ್ಲ, ಆ ಕಡೆ ಹಿಡ್ಕೋ, ಮಗ್ಗುಲು ಬದಲಾಯಿಸಬೇಕು" ಅಂದಳು. ಹಿಡಿದೆ. ಹುಡುಗನ ಉಗುರಿನ ಸಂದೀಲಿ ಇನ್ನೂ ಗ್ರೀಸಿತ್ತು. ನನ್ನ ಮಗಂದೂ ಹೀಗೇ, ಎಷ್ಟು ಉಜ್ಜಿದರೂ ಹೋಗಲ್ಲ. ಆಮೇಲೆ ಯಾರ ಮಗನಿಗೋಸ್ಕರ ಹೋಗ್ತಿದ್ದೆನೋ ನನಗೇ ಗೊತ್ತಾಗಲಿಲ್ಲ. ಅವಳನ್ನ ಅಕ್ಕಾ ಅಂತಿದ್ದೆ.

ಅವನು ಕಣ್ಣು ಬಿಟ್ಟ ದಿನ ಇಬ್ಬರೂ ಹುಚ್ಚರ ಹಾಗೆ ನಕ್ಕೆವು. "ನೀರು" ಅಂತ ತುಟಿ ಆಡಿಸಿದ. ಬಾಯಿಗೆ ಏನೂ ಹಾಕಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತೆ ಅಂತ ಡಾಕ್ಟರು ಹೇಳಿದ್ದರು. ನರ್ಸ್ ಆಚೆ ಹೋದಾಗ ಅಕ್ಕ ಎರಡು ಚಮಚ ಹಾಕಿಬಿಟ್ಟಳು. ಹೆತ್ತ ಕರುಳು, ಕೇಳುತ್ತಾ? ನಾನೂ ತಡೀಲಿಲ್ಲ. ಅವನು ಕೆಮ್ಮಿದ, ಕೆಮ್ಮಿದ. ಅವತ್ತೇ ಜ್ವರ ಏರಿತು. ವಾರದೊಳಗೆ ಹೋಗಿಬಿಟ್ಟ. ಅಯ್ಯೋ, ನನ್ನ ಹೊಟ್ಟೆಯಲ್ಲಿ ಹುಟ್ಟಿದವನೇ ಹೋದ ಹಾಗಾಯ್ತು.

ಕೇಸು ಶುರುವಾದ ದಿನ ಲಾಯರು ಕೋರ್ಟಿನ ಮೆಟ್ಟಿಲ ಹತ್ತಿರ ನನ್ನನ್ನ ನಿಲ್ಲಿಸಿಕೊಂಡರು. "ಪೋಸ್ಟ್‌ಮಾರ್ಟಂ ವರದೀಲಿ ಶ್ವಾಸಕೋಶದ ಸೋಂಕು ಅಂತಿದೆ. ಸಾವು ಏಟಿನಿಂದಲ್ಲ, ಆಸ್ಪತ್ರೇಲಿ ಆದ ಯಾವುದೋ ತಪ್ಪಿನಿಂದ ಅಂತ ಒಂದು ಎಳೆ ಸಿಕ್ಕರೂ ಕೊಲೆ ಕೇಸು ಸಡಿಲ ಆಗಬಹುದು. ನೀವು ಅಲ್ಲೇ ಇದ್ರಲ್ಲ, ಏನಾದ್ರೂ ನೋಡಿದ್ರಾ?"

ಮಾತು ನಾಲಿಗೆ ತುದಿಗೆ ಬಂತು. ಹೇಳಿದರೆ ಮಗ ಮನೆಗೆ ಬಂದರೂ ಬಂದ.

ಅಷ್ಟರಲ್ಲಿ ಅಕ್ಕ ಬಂದಳು. ಅರ್ಧಕ್ಕರ್ಧ ಇಳಿದುಹೋಗಿದ್ದಳು. ನನ್ನ ತೋಳು ಹಿಡಿದು ಕಿವಿಯಲ್ಲಿ ಕೇಳಿದಳು: "ಡಾಕ್ಟರನ್ನ ಕೇಳೋಕೆ ಧೈರ್ಯ ಸಾಲದು ಕಣೇ. ನಿಜ ಹೇಳು, ನಾನು ಕೊಟ್ಟ ನೀರಿಂದಲೇ ಹೋದನಾ?"

"ಇಲ್ಲಕ್ಕಾ," ಅಂದೆ, ಲಾಯರಿಗೂ ಕೇಳೋ ಹಾಗೆ. "ಕೊಂದಿದ್ದು ನನ್ನ ಮಗ."