ಕಣ್ಣು ಗೋಡೆಯ ಮೇಲೆ, ಕೈ ಕಾಗದದ ಮೇಲೆ

ದಫೇದಾರ ಅಂಬಪ್ಪ ಕಾಗದ ಹಿಡಿದು ನಡೆಯುವುದನ್ನು ಮೊದಲ ಸಲ ನೋಡಿದವರು ಆತನ ಸೊಂಟಕ್ಕೇನೋ ಪೆಟ್ಟಾಗಿರಬೇಕೆಂದು ತಿಳಿಯುತ್ತಾರೆ. ಬರಹದ ಬದಿ ಒಳಗಾಗುವಂತೆ ಕಡತವನ್ನು ಎದೆಗವಚಿಕೊಂಡು, ಮೈಯನ್ನು ಗೋಡೆಯ ಕಡೆ ತಿರುವಿ, ಏಡಿಯಂತೆ ಅಡ್ಡಡ್ಡ ಹೆಜ್ಜೆ ಹಾಕುತ್ತ, ಎದುರು ಬಂದವರನ್ನು ಬೆನ್ನಿನಿಂದಲೇ ಮಾತಾಡಿಸುತ್ತ ಆತ ಕಚೇರಿಯ ಪಡಸಾಲೆ ದಾಟುವಾಗ, ಯಾವ ಚಕ್ರವರ್ತಿಯ ರಾಜಮುದ್ರೆಯೂ ಇದಕ್ಕಿಂತ ಗಂಭೀರವಾಗಿ ಸಾಗಿರಲಾರದು ಅನಿಸುತ್ತದೆ. ಒಳಗಿರುವುದು ಬಹುಮಟ್ಟಿಗೆ ಫ್ಯಾನು ರಿಪೇರಿಯ ಅರ್ಜಿ. ಆದರೆ ಅದು ಅಂಬಪ್ಪನಿಗೆ ಗೊತ್ತಿರುತ್ತಿರಲಿಲ್ಲ. ಮೂವತ್ತೊಂದು ವರ್ಷದ ನೌಕರಿಯಲ್ಲಿ ತನ್ನ ಕೈಮೇಲೆ ಹಾದುಹೋದ ಒಂದೇ ಒಂದು ಕಾಗದವನ್ನೂ ಆತ ಹೋದ ವರ್ಷದವರೆಗೆ ಓದಿರಲಿಲ್ಲ. ಓದು ಬಾರದೆಂದಲ್ಲ, ಮನೆಯಲ್ಲಿ ಪತ್ರಿಕೆ ಹಿಡಿದರೆ ಟೆಂಡರ್ ಪ್ರಕಟಣೆಯನ್ನೂ ಬಿಡದವನು.

ಯಾವ ಕಚೇರಿ ಎಂದು ಮಾತ್ರ ಕೇಳಬಾರದು. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಕಡೆಯ ಬಸ್ಸುಗಳು ಅದರ ಮುಂದೆ ನಿಲ್ಲುತ್ತವೆ, ಕಾಲುವೆಗೆ ಸಂಬಂಧಿಸಿದ ಕಾಗದಗಳು ಅಲ್ಲಿ ಮಲಗಿರುತ್ತವೆ ಎಂದಷ್ಟೇ ಹೇಳಬಹುದು. ಅದಕ್ಕಿಂತ ಹೆಚ್ಚು ಹೇಳಿದರೆ ಅಂಬಪ್ಪನಿಗೆ ನೋವಾಗುತ್ತದೆ.

ಈ ವ್ರತವನ್ನು ಬೋಧಿಸಿದವನು ಆತನಿಗಿಂತ ಮುಂಚಿನ ದಫೇದಾರ ನರಸಣ್ಣ. ನಿವೃತ್ತನಾಗುವ ದಿನ ಆತ ಅಂಬಪ್ಪನಿಗೆ ಎರಡು ಆಸ್ತಿ ಬಿಟ್ಟುಹೋದ: ಒಂದು, ಐದು ಗುಂಡಿಗಳಲ್ಲಿ ಮೂರು ಮೂರು ಜಾತಿಯವಾಗಿದ್ದ ಖಾಕಿ ಕೋಟು, ಇನ್ನೊಂದು, 'ಕಣ್ಣು ಗ್ವಾಡಿ ಮ್ಯಾಲ, ಕೈ ಕಾಗದದ ಮ್ಯಾಲ' ಎಂಬ ಉಪದೇಶ. ಹೊರಗೆ ಬಿಸಿಲಿಗೆ ಡಾಂಬರು ಮೆತ್ತಗಾಗುವ ಮೇ ತಿಂಗಳಲ್ಲೂ ಅಂಬಪ್ಪ ಕೋಟನ್ನು ಕಳಚಿದವನಲ್ಲ, ಉಪದೇಶವನ್ನು ಮರೆತವನಲ್ಲ. ಗೋಡೆಯ ಮೇಲಿನ ಹಲ್ಲಿಯನ್ನು ದಿಟ್ಟಿಸುತ್ತಲೇ ಆತ ಕಾಗದವನ್ನು ಬರಹ ಒಳಗಾಗುವಂತೆ ನಾಲ್ಕಾಗಿ ಮಡಚಿ, ಮಡಚಿದ ಅಂಚಿನ ಮೇಲೆ ಹೆಬ್ಬೆರಳಿನ ಉಗುರನ್ನು ಎರಡು ಸಲ ಎಳೆದನೆಂದರೆ, ಇಸ್ತ್ರಿಯವನು ಬಂದು ಕಲಿಯಬೇಕು.

ಬಾಯಿಯಂತೂ ಬೀಗ. ಯಾರು ಏನು ಕೇಳಿದರೂ 'ಅದು ಹೇಳಾದಲ್ಲ ಬಿಡ್ರಿ' ಎಂಬುದೊಂದೇ ಉತ್ತರ. ಸಾಹೇಬರು ಒಳಗಿದ್ದಾರೆಯೇ ಎಂದರೆ ಅದೇ. ಎದುರಿನ ಚಹಾದಂಗಡಿಯ ನನ್ನೇಸಾಬ ಬೇಕೆಂದೇ, 'ಅಂಬಪ್ಪಣ್ಣ, ಇವತ್ತ ಬುತ್ಯಾಗ ಏನೈತಿ?' ಎಂದು ಕೇಳಿದರೂ ಅದೇ. ಹೆಂಡತಿ ಯಮನಮ್ಮ ಮೊದಲೆರಡು ವರ್ಷ ಕಚೇರಿಯ ಸುದ್ದಿ ಕೇಳಿ, ಆಮೇಲೆ ಗೋಡೆಯನ್ನು ಕೇಳುವುದೇ ಮೇಲೆಂದು ಬಿಟ್ಟುಬಿಟ್ಟಿದ್ದಳು.

ಇಂಥ ಭದ್ರಕೋಟೆಯಿಂದ ಹೋದ ವರ್ಷ ಗುಟ್ಟೊಂದು ಹೊರಬಿತ್ತು.

ಒಂದು ಬುಧವಾರ ಮಧ್ಯಾಹ್ನದ ಹೊತ್ತಿಗೆ ಮೂರು ತಾಲೂಕಿನ ಮೊಬೈಲುಗಳಲ್ಲಿ ಒಂದೇ ಪಟವಿತ್ತು: 'ಗೋಪ್ಯ' ಎಂಬ ಮೊಹರು ಹೊತ್ತ ಪಟ್ಟಿ. ಕಾಲುವೆಯ ಮೇಲ್ಭಾಗದಲ್ಲಿ ಯಾರು ಯಾರು ಕದ್ದು ಪೈಪು ಇಳಿಸಿದ್ದಾರೆ, ಯಾರ ಪಂಪ್‌ಸೆಟ್ಟು ಎಷ್ಟು ಎಚ್‌ಪಿಯದು, ಅದರಿಂದಾಗಿ ಕೊನೆಯ ಯಾವ ಯಾವ ಊರಿಗೆ ನೀರು ಮುಟ್ಟುತ್ತಿಲ್ಲ ಎಂಬುದೆಲ್ಲ ಹೆಸರು ಸಮೇತ ಅದರಲ್ಲಿತ್ತು. ಅಣೆಕಟ್ಟಿನಲ್ಲೇ ನೀರು ಕಮ್ಮಿ ಎಂದು ವರ್ಷಗಟ್ಟಲೆ ಹೇಳುತ್ತ ಬಂದಿದ್ದ ಕಚೇರಿಗೆ ಎಲ್ಲವೂ ಗೊತ್ತಿತ್ತು ಎಂಬುದು ಎಲ್ಲರಿಗೂ ಗೊತ್ತಾಯಿತು.

ಮೇಲ್ಭಾಗದ ರೈತರು ನಡುಹಗಲಲ್ಲೇ ಕಾಲುವೆಗಿಳಿದು ತಮ್ಮ ಪೈಪುಗಳನ್ನು ತಾವೇ ಕೀಳತೊಡಗಿದರು. ನಾಲ್ಕು ಬೇಸಿಗೆಯಲ್ಲಿ ಪೊಲೀಸರಿಂದಾಗದ್ದು ನಾಲ್ಕು ತಾಸಿನಲ್ಲಾಯಿತು. ಐದು ಎಚ್‌ಪಿಯೆಂದು ದಾಖಲಾದವನೊಬ್ಬ, ನೆರೆಯವನಿಗೆ ಹತ್ತು ಬರೆದು ತನಗೆ ಐದೇ ಬರೆದಿದ್ದಾರೆಂದು ತಕರಾರು ತೆಗೆದ. ಎಲ್ಲರಿಗಿಂತ ನೊಂದವನು ವೆಂಕೋಬ ಎಂಬ ಭಾರೀ ಕುಳ. ಆತನ ಹೆಸರು ಪಟ್ಟಿಯಲ್ಲಿರಲೇ ಇಲ್ಲ. 'ನಾಕು ಪೈಪ ಹಾಕೀನಿ. ಆ ಒಂದು ಪೈಪಿನಂವಂದು ಹೆಸರು ಬರ್ದಾರ, ನಂದಿಲ್ಲ. ಆಫೀಸಿನ್ಯಾಗ ನನ್ನ ಕಿಮ್ಮತ್ತು ಇಷ್ಟ ಏನು?' ಎಂದು ನನ್ನೇಸಾಬನ ಅಂಗಡಿಯಲ್ಲಿ ಕೂತು ಕೊರಗಿದ. ಪಕ್ಕದಲ್ಲಿದ್ದ ಯಾರೋ ಅದನ್ನು ಬರೆದುಕೊಂಡು ಪಟ್ಟಿಗೆ ಸೇರಿಸಿ ಮತ್ತೆ ಹರಿಬಿಟ್ಟಮೇಲೆ ಆತನ ಪೈಪುಗಳೂ ಹೊರಬಂದವು.

ಮಸ್ಕಿ ಕಡೆಯ ಕೊನೆಯ ಹಳ್ಳಿಗಳವರು ಟ್ರ್ಯಾಕ್ಟರ್ ಹತ್ತಿ ಬಂದು ಕಚೇರಿಯೆದುರು ಬ್ಯಾನರು ಕಟ್ಟಿದರು: 'ಗುಟ್ಟು ಬಿಚ್ಚಿದ ಪುಣ್ಯಾತ್ಮರಿಗೆ ಕೋಟಿ ನಮನ.' ಪುಣ್ಯಾತ್ಮ ಯಾರೆಂದು ತಿಳಿಯದ್ದರಿಂದ ಮುಖದ ಜಾಗದಲ್ಲಿ ಕಪ್ಪು ನೆರಳೊಂದನ್ನು ಅಚ್ಚುಮಾಡಿಸಿ ಅದಕ್ಕೂ ಹಾರ ಹಾಕಿದ್ದರು. ಅತ್ತ ಮೇಲ್ಭಾಗದವರು ಅದೇ ನೆರಳಿನ ಕಾಲು ಮುರಿಯುವುದಾಗಿ ಶಪಥ ಮಾಡಿದ್ದರು. ಅಂಬಪ್ಪ ದಿನಾ ಬೆಳಿಗ್ಗೆ ಆ ಬ್ಯಾನರಿನ ಕೆಳಗೆ ಹಾಯುವಾಗ ನೆರಳನ್ನು ಹಾಳು ಹೆಣವನ್ನು ನೋಡಿದಂತೆ ನೋಡಿ ಮುಖ ತಿರುವುತ್ತಿದ್ದ.

ತನಿಖೆಗೆ ಮೇಲಿನ ಅಧಿಕಾರಿಯೊಬ್ಬರು ಬಂದರು. ಅಂಬಪ್ಪ ತಾನಾಗಿಯೇ ಉಪತನಿಖೆ ನಡೆಸಿದ. ಅಲಮಾರಿನ ಬೀಗ ಮೂಸಿದ, ಕಿಟಕಿಯ ಸರಳು ಎಣಿಸಿದ, ಕಸದ ಬುಟ್ಟಿಯನ್ನು ಮಗುಚಿ ಅದರೆದುರು ಅರ್ಧ ದಿನ ಕೂತ. ಕೊನೆಗೆ ಆತನ ದೃಷ್ಟಿ ಕಂಪ್ಯೂಟರಿನ ಮುಂದೆ ಕೂರುವ ಗುತ್ತಿಗೆ ನೌಕರ ವಿರೇಶನ ಮೇಲೆ ನೆಟ್ಟಿತು. ಅಕ್ಷರ ನೋಡುವುದೇ ಕೆಲಸವಾದವನನ್ನು ನಂಬುವುದಾದರೂ ಹೇಗೆ? ತನಿಖಾಧಿಕಾರಿ ಕೇಳಿದಾಗ ಜನ್ಮದಲ್ಲೇ ಮೊದಲ ಬಾರಿಗೆ ಅಂಬಪ್ಪ ಬಾಯಿಬಿಟ್ಟ: 'ಕಂಪ್ಯೂಟರಿನಂವನ ಕೈಯಾಗಿಂದನ ಹೋಗಿರಬೇಕ್ರಿ.' ಸೋಮವಾರದಿಂದ ವಿರೇಶ ಬರಬೇಕಾಗಿಲ್ಲ ಎಂಬ ಮಾತು ಶನಿವಾರವೇ ಪಡಸಾಲೆಯಲ್ಲಿ ಓಡಾಡಿತು. ವಿರೇಶ ಅಂಬಪ್ಪನ ಬಳಿ ಬಂದು, 'ಕಾಕಾ, ನಾ ಏನೂ ಮಾಡಿಲ್ಲ' ಎಂದಷ್ಟೇ ಹೇಳಿ ಹೋದ. ಆ ಮಾತು ಕೋಟಿನೊಳಗೆ ಇರುವೆಯಂತೆ ಹೊಕ್ಕಿತು.

ಅದೇ ಸಂಜೆ ಅಂಬಪ್ಪ ಚಹಾಕ್ಕೆ ಕೂತಾಗ ನನ್ನೇಸಾಬ ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಕಾಗದವನ್ನು ತೆಗೆದು ಮುಂದೆ ಹಿಡಿದ. 'ನೋಡಣ್ಣ, ಎಲ್ಲಾರೂ ಪೋನಿನ್ಯಾಗ ನೋಡಾಕತ್ಯಾರ. ನನ್ನ ಹಂತ್ಯಾಕ ಅಸಲ್ ಐತಿ. ನೀನ ಕೊಟ್ಟು ಹೋಗಿದ್ದೆಲ್ಲ.'

ಅಂಬಪ್ಪ ಅಭ್ಯಾಸಬಲದಿಂದ ಗೋಡೆ ನೋಡಿದ. ಆದರೆ ಕೈಗೆ ಕಾಗದ ತಾಗಿತು, ಹೆಬ್ಬೆರಳಿಗೆ ಆ ಅಂಚು ತಾಗಿತು. ನಾಲ್ಕು ಮಡಚು. ಉಗುರಿನ ಎರಡು ಗೀರು. ಸ್ವಂತ ಮಗುವಿನ ಹಣೆ ಸವರಿದಷ್ಟು ಖಚಿತ. ಮೂವತ್ತೊಂದು ವರ್ಷಗಳ ಬಳಿಕ ಆತನ ಕಣ್ಣು ಗೋಡೆಯಿಂದ ಕೆಳಗಿಳಿಯಿತು. ಹೊರಗೆ ಗೋಪ್ಯದ ಪಟ್ಟಿ; ಬಿಚ್ಚಿದರೆ ಒಳಗೆ, ಹದಿನೈದು ದಿನದ ಹಿಂದೆ ತಾನೇ ಮೋಟರ್ ಸೈಕಲ್ ಮೇಲೆ ಊರೂರಿಗೆ, ಅಂಗಡಿ ಅಂಗಡಿಗೆ ಹಂಚಿಬಂದಿದ್ದ ರೈತರ ಸಭೆಯ ನೋಟೀಸು.

ಆದದ್ದಿಷ್ಟು. ಹೊಸ ಸಾಹೇಬರು ಮಿತವ್ಯಯದ ಭಕ್ತರು. ಒಂದು ಬದಿ ಖಾಲಿ ಇರುವ ಕಾಗದವನ್ನು ಬಿಸಾಡಕೂಡದು, ನೋಟೀಸುಗಳನ್ನು ಅದರ ಮೇಲೆಯೇ ಅಚ್ಚು ಹಾಕತಕ್ಕದ್ದು ಎಂದು ಆದೇಶ ಹೊರಡಿಸಿದ್ದರು. ಆಮೇಲೆ ಮುಂದೂಡಿದ ಯಾವುದೋ ಗುಪ್ತ ಸಭೆಗೆಂದು ತೆಗೆದಿದ್ದ ಪಟ್ಟಿಯ ನಲವತ್ತು ಪ್ರತಿ ಉಳಿದಿದ್ದವು. ಅಂಬಪ್ಪ ತನ್ನ ವ್ರತದಂತೆ ಖಾಲಿ ಬದಿ ಮೇಲಾಗಿಸಿ, ಹಲ್ಲಿ ನೋಡುತ್ತ, ಆ ಕಟ್ಟನ್ನು ಒಯ್ದು ವಿರೇಶನ ಮೇಜಿನ ಮೇಲೆ ಇಟ್ಟಿದ್ದ. ವಿರೇಶ ಅದನ್ನು ಇದ್ದ ಹಾಗೆಯೇ ಯಂತ್ರಕ್ಕೆ ಉಣಿಸಿದ್ದ. ಬಂದ ನೋಟೀಸನ್ನು ಅಂಬಪ್ಪ ಬರಹ ಒಳಗಾಗುವಂತೆ ಮಡಚಿದಾಗ ಸರ್ಕಾರದ ಪರಮ ರಹಸ್ಯ ಹೊರಗಾಗಿ, ಹಾರ ಹಾಕಿಸಿಕೊಳ್ಳಲು ಹೊರಟಿತ್ತು. ಸಭೆಯ ನೋಟೀಸನ್ನು ತಿರುವಿ ಓದುವ ಕೆಟ್ಟ ಚಟ ಮೂರು ತಾಲೂಕಿನಲ್ಲಿ ಯಾರಿಗೂ ಇರಲಿಲ್ಲವಾಗಿ ಒಳಗಿನದು ಯಾರಿಗೂ ಬೇಕಾಗಲಿಲ್ಲ. ಕಾಗದವನ್ನು ಕೈಯಾರೆ ಪಡೆದವರು, ಅಂಬಪ್ಪ ಬೇಕೆಂದೇ ಕೊಟ್ಟನೆಂದು ತಿಳಿದು, ಆತನ ಹೆಸರನ್ನು ಹೊರಗೆ ಬಿಡಲಿಲ್ಲ.

ಪಟ್ಟಿಯ ಕೊನೆಯಲ್ಲಿ ನೀರು ಮುಟ್ಟದ ಊರುಗಳ ಸಾಲಿತ್ತು. ಮೂರನೆಯದು ಯಮನಮ್ಮನ ತವರು.

ಮನೆಗೆ ಹೋದವನೇ ಕೋಟು ತೆಗೆಯದೆ ಕೂತು ಅಂಬಪ್ಪ ಹೆಂಡತಿಗೆ ಎಲ್ಲವನ್ನೂ ಹೇಳಿದ. ಆಕೆ ಒಲೆಯ ಮೇಲಿನ ತವೆಯನ್ನು ಇಳಿಸಿ ಕೇಳಿದಳು. ತಮ್ಮನ ಹೊಲ ಹನ್ನೆರಡು ವರ್ಷ ನೀರು ಕಾಣದೆ ಇದ್ದುದಕ್ಕೆ ಕಾರಣ, ಗಂಡ ದಿನಾ ಒರಗಿ ಕೂರುವ ಅಲಮಾರಿನಲ್ಲಿತ್ತೆಂದು ತಿಳಿದಾಗ ಒಲೆ ಆರಿಸಿದಳು. ಆಮೇಲೆ, 'ಬೀಗದ ಕೈ ನಿಮ್ಮ ಉಡದಾರದಾಗನ ಇತ್ತಲ್ರೀ' ಎಂದಳು. ರೊಟ್ಟಿಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ, 'ಆ ಹುಡುಗನ ಹೊಟ್ಟಿ ಮ್ಯಾಲ ಹೊಡದು ನನಗ ರೊಟ್ಟಿ ತಂದು ಹಾಕಬ್ಯಾಡ್ರಿ. ಹೋಗಿ ಹೇಳಿ ಬರ್ರಿ' ಎಂದಳು.

ಸೋಮವಾರ ಬೆಳಿಗ್ಗೆ, ಬಾಗಿಲು ತೆರೆಯುವ ಹೊತ್ತಿಗೆ, ಅಂಬಪ್ಪ ಪಡಸಾಲೆಯನ್ನು ನೆಟ್ಟಗೆ ನಡೆದು ದಾಟಿದ. ಕಾಗದ ಎದೆಗವಚಿರಲಿಲ್ಲ, ಧ್ವಜದಂತೆ ಮುಂದಿತ್ತು. ಸಾಹೇಬರ ಮೇಜಿನ ಮೇಲೆ ಅದನ್ನು ಬಿಚ್ಚಿಟ್ಟು, 'ವಿರೇಶಂದು ಏನೂ ತಪ್ಪಿಲ್ರಿ. ಹಂಚಿದಂವ ನಾನ. ನಲವತ್ತೂ ನಾನ. ಅಂವನ ಮ್ಯಾಲ ಹೇಳಿದಂವನೂ ನಾನ' ಎಂದ. ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದ, ಒಪ್ಪಿಸಲು.

ಸಾಹೇಬರು ಪಟ್ಟಿ ನೋಡಿದರು. ತಿರುವಿ ನೋಟೀಸು ನೋಡಿದರು. ನೋಟೀಸಿನ ಅಡಿಯಲ್ಲಿ ಅವರದೇ ಸಹಿ. ಗೋಡೆಯ ಮೇಲೆ, ಹಲ್ಲಿಯ ಪಕ್ಕದಲ್ಲಿ, ಅವರದೇ ಮಿತವ್ಯಯದ ಆದೇಶ. ಫ್ಯಾನು ಒಂದಷ್ಟು ಸುತ್ತು ಸುತ್ತಿತು. ಕಿಟಕಿಯಾಚೆ ಬ್ಯಾನರಿನ ನೆರಳಿಗೆ ಯಾರೋ ಹೊಸ ಹಾರ ಹಾಕುತ್ತಿದ್ದರು. ಸಾಹೇಬರು ಕಾಗದವನ್ನು ಮೆಲ್ಲಗೆ ಮಡಚಿ ಆತನ ಕೈಗೇ ಕೊಟ್ಟು ಹೇಳಿದರು: 'ಅದು ಹೇಳಾದಲ್ಲ ಬಿಡು, ಅಂಬಪ್ಪ. ಗುಂಡಿ ಹಾಕ್ಕೊ.'

ಪಟ್ಟಿ ಕಚೇರಿಯ ಮಿತವ್ಯಯದ ಕ್ರಮದಿಂದ ಆಕಸ್ಮಿಕವಾಗಿ ಹೊರಹೋಗಿದೆ, ಯಾವ ನೌಕರನ ಮೇಲೂ ಆರೋಪವಿಲ್ಲ ಎಂಬ ವರದಿ ಮಧ್ಯಾಹ್ನವೇ ಸಿದ್ಧವಾಯಿತು. ವಿರೇಶನೇ ಅದನ್ನು ಟೈಪು ಮಾಡಿದ. ಮುಗಿಸಿ ಎದ್ದುಬಂದು ಅಂಬಪ್ಪನಿಗೆ ಒಂದು ಚಹಾ ಹೇಳಿದ. ವರದಿಯ ಮೇಲೆ 'ಗೋಪ್ಯ' ಎಂದು ಮೊಹರು ಬಿತ್ತು. ಅದನ್ನು ಅಲಮಾರಿನಲ್ಲಿಡುವ ಭಾರ, ಮತ್ಯಾರ ಮೇಲೆ, ಅಂಬಪ್ಪನ ಮೇಲೇ ಬಿತ್ತು. ಆತ ಎರಡೂ ಬದಿ ನೋಡಿ ಇಟ್ಟ.

ಮುಂದಿನ ಹಂಗಾಮಿಗೆ ಯಮನಮ್ಮನ ತವರಿನ ಕಾಲುವೆಯಲ್ಲಿ ಮೊಣಕಾಲು ಮಟ್ಟ ನೀರು ಹರಿಯಿತು. ಸುಗ್ಗಿಯಾದ ಮೇಲೆ ಒಂದು ಮಧ್ಯಾಹ್ನ ನನ್ನೇಸಾಬ ಚಟಕ್ಕೆಂದೇ ಬುತ್ತಿಯಲ್ಲಿ ಏನಿದೆಯೆಂದು ಕೇಳಿದ. ಅಂಬಪ್ಪ ಆಚೀಚೆ ನೋಡಿ, ಡಬ್ಬಿಯ ಮುಚ್ಚಳವನ್ನು ಎರಡು ಬೆರಳಷ್ಟು ಸರಿಸಿ, 'ಸೋನಾ ಅನ್ನ. ಹೇಣ್ತಿ ತಮ್ಮನ ಹೊಲದ್ದು' ಎಂದ.

ಪ್ರತಿ ಕಚೇರಿಯ ಪಡಸಾಲೆಯಲ್ಲೂ ಇಂಥವನೊಬ್ಬ ಸ್ಟೂಲಿನ ಮೇಲೆ ಕೂತಿರುತ್ತಾನೆ. ನಾವು ಅವನನ್ನು ದಾಟಿ ಒಳಗೆ ಹೋಗಲು ಆತುರಪಡುತ್ತೇವೆ, ಗುಟ್ಟೆಲ್ಲ ಒಳಗಿದೆಯೆಂದು. ಒಳಗಿನವರು ತಿಳಿದೂ ಸುಮ್ಮನಿರುತ್ತಾರೆ. ಇವನು ಸುಮ್ಮನಿರುವ ಸಲುವಾಗಿ ತಿಳಿಯದೆಯೇ ಉಳಿದಿರುತ್ತಾನೆ. ಇಬ್ಬರ ಮೌನವೂ ದೂರದಿಂದ ಒಂದೇ ರೀತಿ ಕಾಣುತ್ತದೆ. ಆದರೆ ಹೇಳಲೇಬೇಕಾದ ದಿನ ಬಂದರೆ, ತಾನಾಗಿ ಗುಂಡಿ ಬಿಚ್ಚುವವನು ಸ್ಟೂಲಿನ ಮೇಲೆ ಕೂತವನೇ.