ಅಪ್ಪನ ಗೆರೆ, ಅತ್ತಿಗೆಯ ಅಳತೆ

ಬಂದರು ಬೀದಿಯ ಕೊನೆಯ ಮನೆಯಲ್ಲಿ ದೋಣಿ ಕಟ್ಟುವ ಬಡಗಿ ತನ್ನ ಅಮ್ಮನಿಗೆ ಮಂಚ ಮಾಡುತ್ತಿದ್ದ. ಸೊಂಟ ಮುರಿದ ಮೇಲೆ ಅಮ್ಮ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಬಾಯಿ ಮಾತ್ರ ಮನೆಯೆಲ್ಲ ಓಡಾಡುತ್ತಿತ್ತು. ಬಿರುಗಾಳಿಯ ದಿನಗಳು ಹತ್ತಿರ ಬಂದಿದ್ದವು. ಗಾಳಿ ಜೋರಾದರೆ ಸಮುದ್ರ ಬೀದಿಗೇ ನುಗ್ಗುವ ಜಾಗ ಅದು.

ನಲವತ್ತು ವರ್ಷದ ಹಿಂದೆ ಹಾಗೆ ನೀರು ನುಗ್ಗಿದಾಗ, ಅದು ಎಲ್ಲಿಯವರೆಗೆ ಬಂತೆಂದು ಅಪ್ಪ ಬಾಗಿಲ ಚೌಕಟ್ಟಿನಲ್ಲಿ ಉಳಿಯಿಂದ ಗೆರೆ ಕೊರೆದಿದ್ದ. ಅದನ್ನು ನೀರು ದಾಟಿದ್ದನ್ನು ಯಾರೂ ಕಂಡಿರಲಿಲ್ಲ. ಬಡಗಿ ಆ ಗೆರೆಗಿಂತ ಎರಡು ಬೆರಳು ಮೇಲಕ್ಕೆ ಮಂಚದ ಹಲಗೆ ಕೂರಿಸಿದ. ಇನ್ನು ಅಮ್ಮ ಕೆಳಗಿನ ಕೋಣೆಯಲ್ಲೇ ಆರಾಮವಾಗಿ ಇರಬಹುದು ಎಂದುಕೊಂಡ.

ಅಷ್ಟರಲ್ಲಿ ಅತ್ತಿಗೆ ಬಂದರು. ಅಣ್ಣನ ಹೆಂಡತಿ, ಬಂದರಿನ ಕಚೇರಿಯಲ್ಲಿ ಸಮುದ್ರದ ಮಟ್ಟ ಬರೆದಿಡುವ ಕೆಲಸ. ಇಪ್ಪತ್ತಾರು ವರ್ಷದಿಂದ, ಮಳೆಯೆನ್ನದೆ ಬಿಸಿಲೆನ್ನದೆ, ಕಟ್ಟೆಯ ಅಳತೆಗೋಲಿನ ಮುಂದೆ ನಿಂತು ನೀರು ಎಲ್ಲಿದೆ ಎಂದು ನೋಡಿ ಬರೆದವರು. ಇಂಥವರನ್ನು ಯಾರೂ ಹೊಗಳುವುದಿಲ್ಲ. ನಾನಾದರೂ ಬಾಯಿ ತುಂಬ ಹೊಗಳುತ್ತೇನೆ.

“ಈ ಎತ್ತರ ಸಾಲದು ಕಣೋ,” ಎಂದರು.

“ಅಪ್ಪನ ಗೆರೆ ಇದೆಯಲ್ಲ ಅತ್ತಿಗೆ. ಅಂಥದೇ ಗಾಳಿ ಬಂದರೂ ಅಮ್ಮನಿಗೆ ನೀರು ತಾಗಲ್ಲ.”

“ಗಾಳಿ ಅದೇ ಇರಬಹುದು. ಸಮುದ್ರ ಅದೇ ಅಲ್ಲ.”

“ಯಾಕೆ, ಹಳೇದು ಕೊಟ್ಟು ಹೊಸದು ತಂದ್ರಾ?”

ಅತ್ತಿಗೆ ನಕ್ಕರು. ಬೋಗುಣಿಗೆ ಅರ್ಧ ನೀರು ಹಾಕಿ ಅಲುಗಾಡಿಸಲು ಹೇಳಿದರು. ಹನಿ ಹೊರಗೆ ಬೀಳಲಿಲ್ಲ. ಇನ್ನೆರಡು ಚೊಂಬು ಸುರಿದರು. “ಈಗ ಮತ್ತೆ ಅಷ್ಟೇ ಅಲುಗಾಡಿಸು. ಜಾಸ್ತಿ ಬೇಡ.” ನೀರು ಬಡಗಿಯ ಕಾಲ ಮೇಲೆ ಚೆಲ್ಲಿತು.

“ನೋಡು, ಕೈ ಅದೇ. ಒಳಗಿನ ನೀರು ಏರಿದೆ. ನನಗಿಂತ ಮೊದಲಿದ್ದವರು ಬರೆದಿದ್ದೂ ಸೇರಿಸಿ ನೋಡಿದೆ. ಈ ನಲವತ್ತು ವರ್ಷದಲ್ಲಿ ನಮ್ಮ ಕಡಲಿನ ಸರಾಸರಿ ಮಟ್ಟ ನಾಲ್ಕು ಬೆರಳು ಏರಿದೆ. ಗಾಳಿ ನೀರನ್ನ ತಳ್ಳೋಕೆ ಶುರುಮಾಡೋದೇ ಅಲ್ಲಿಂದ. ಒಂದು ತಲೆಮಾರಿಗೆ ಒಂದು ಸಲ ಬರ್ತಿದ್ದ ನೀರು ಇನ್ನು ಮೇಲೆ ಬೇಗ ಬೇಗ ಬರತ್ತೆ.”

“ಯಾಕೆ ಏರ್ತಿದೆ?”

“ಭೂಮಿ ಬಿಸಿಯಾಗ್ತಿದೆ. ಬಿಸಿಯಾದ ನೀರು ಹಿಗ್ಗತ್ತೆ. ದೂರದ ನೆಲದ ಮೇಲಿನ ಹಿಮ ಕರಗಿ ಸಮುದ್ರ ಸೇರತ್ತೆ. ಜೊತೆಗೆ, ನಾವು ಬೋರ್‌ವೆಲ್‌ನಿಂದ ನೀರು ಎಳೆದೂ ಎಳೆದೂ ಈ ಬೀದಿಯ ನೆಲ ಎರಡು ಬೆರಳು ಕುಸಿದಿದೆ. ಮನೆ ಜೊತೆ ಗೆರೆನೂ ಕೆಳಗಿಳಿದಿದೆ.”

ಬಡಗಿಗೆ ನೋವಾಯಿತು. “ಹಾಗಾದ್ರೆ ಅಪ್ಪ ತಪ್ಪು ಕೊರೆದ್ರಾ?”

“ಮಾವ ಅವತ್ತಿಗೆ ಸರಿಯಾಗೇ ಕೊರೆದ್ರು. ಹೋದ ವರ್ಷ ಅಳೆದಿಟ್ಟ ಹಲಗೆನ ನೀನು ಈ ವರ್ಷ ಹಾಗೇ ಜೋಡಿಸ್ತೀಯಾ?”

“ಇಲ್ಲಪ್ಪ. ಮರ ಉಬ್ಬಿರತ್ತೆ. ಮತ್ತೆ ಅಳೀಲೇಬೇಕು,” ಎಂದವನು ತಿರುಗಿ ಅಪ್ಪನ ಗೆರೆ ನೋಡಿದ.

ಒಳಗಿನಿಂದ ಅಮ್ಮನ ದನಿ ಬಂತು: “ನೀವಿಬ್ಬರೂ ಅಳೀತಾ ಕೂತರೆ ನಾನು ಇಲ್ಲೇ ಮೀನಾಗ್ತೀನಿ. ಮೊದಲು ನನ್ನ ಮೇಲಕ್ಕೆ ಸಾಗಿಸಿ.”

ಆ ವಾರವೇ ಅಮ್ಮನ ಹಾಸಿಗೆ ಮಹಡಿ ಸೇರಿತು. ತಿಂಗಳು ಕಳೆಯುವುದರೊಳಗೆ, ಒಂದು ಮಧ್ಯಾಹ್ನ ಗಾಳಿ ಎದ್ದಿತು. ಹಳಬರೆಲ್ಲ ಅಂದಿನದೇ ಗಾಳಿ ಎಂದರು. ಆದರೆ ನೀರು ಗೆರೆ ದಾಟಿತು, ಖಾಲಿ ಮಂಚದ ಹಲಗೆಯ ಮೇಲೆ ನಾಲ್ಕು ಬೆರಳು ನಿಂತಿತು. ಬಡಗಿ ಮೆಟ್ಟಿಲ ಮೇಲೆ ಕೂತು ಅದನ್ನು ನೋಡಿದ.

“ಅಮ್ಮನ್ನ ಉಳಿಸಿದ್ದು ನೀವು ಅತ್ತಿಗೆ,” ಎಂದ.

“ನಾನು ಬರೆದಿಟ್ಟೆ ಅಷ್ಟೇ. ಹೊತ್ತು ಮೇಲೆ ತಂದವನು ನೀನು.”

ಕಡಲ ದಂಡೆಯ ಬಂಧುಗಳೇ, ಹಿಂದಿನ ನೀರಿನ ಗುರುತು ನೋಡಿ ಧೈರ್ಯವಾಗಿರಬೇಡಿ. ಬಂದರಿನ ಕಚೇರಿಗೆ ಹೋಗಿ ಈಗಿನ ಮಟ್ಟ ಕೇಳಿ. ಅಂತರ್ಜಲ ಹಿತಮಿತವಾಗಿ ಬಳಸಿ. ಗಾಳಿಯ ಮುನ್ಸೂಚನೆ ಬಂದರೆ ಸಾಮಾನಿನ ಚಿಂತೆ ಆಮೇಲೆ ಮಾಡಿ. ತಾವಾಗಿ ಏಳಲಾರದವರು ನಿಮ್ಮ ಮನೆಯಲ್ಲಿ ಯಾರಿದ್ದಾರೆ? ಅವರನ್ನು ಮೊದಲು ಮೇಲಕ್ಕೆ ಕರೆದೊಯ್ಯಿರಿ.